ಇಂಜಿನ್ ಲೈಟ್ ಆರಿಸಿ ಕೊಟ್ಟರೆ ಗಾಡಿ ರಿಪೇರಿ ಆದ ಹಾಗಲ್ಲ

ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರಿನಲ್ಲಿ ತೋಟದ ರಸ್ತೆಯಲ್ಲೇ ಜಾಸ್ತಿ ಓಡಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಐದು ತಿಂಗಳ ಅಲೆದಾಟ ಮತ್ತು 16,500 ರೂಪಾಯಿ ಸುಮ್ನೆ ಹೋದ ಮೇಲೆ ನನಗೆ ಗೊತ್ತಾಗಿದ್ದು ಇದು.

ನಮ್ಮ ಮನೆ ಆಲ್ದೂರಿನ ಹತ್ತಿರ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡಬೇಕು, ಕೆಲಸದವರನ್ನು ಕರೆದುಕೊಂಡು ಬರಬೇಕು, ಸಂಜೆ ಅಂಗಡಿಗೆ ಹೋಗಬೇಕು. ಒಂದು ಸಲಕ್ಕೆ ನಾಲ್ಕೈದು ಕಿಲೋಮೀಟರ್, ಅದೂ ಸೆಕೆಂಡ್ ಗೇರಿನಲ್ಲಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳಿಗೆ ಡಿಪಿಎಫ್ ಅನ್ನೋ ಫಿಲ್ಟರ್ ಬಂತು. ಹೊಗೆಯ ಮಸಿ ಅದರಲ್ಲಿ ಕೂರುತ್ತದೆ. ಆಗಾಗ 600 ಡಿಗ್ರಿ ಆಸುಪಾಸು ಕಾಯಿಸಿ ಗಾಡಿಯೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿಸಬೇಕು. ಎಷ್ಟೋ ಸಲ ಮನೆ ಮುಂದೆ ಕೀ ತೆಗೆದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡೆ. ಮಸಿ ಸುಡುವ ಕೆಲಸವನ್ನು ನಾನೇ ಅರ್ಧಕ್ಕೆ ನಿಲ್ಲಿಸುತ್ತಿದ್ದೆ.

ಹಳದಿ ಇಂಜಿನ್ ಲೈಟ್ ಮೊದಲ ಸಲ ಬಂದಾಗ ಚಿಕ್ಕಮಗಳೂರಿನ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದ, ಎರಡು ಬಟನ್ ಒತ್ತಿದ, ಲೈಟ್ ಹೋಯಿತು. "ಸೆನ್ಸರ್ ಪ್ರಾಬ್ಲಂ ಸರ್, ಕ್ಲಿಯರ್ ಮಾಡಿದೀನಿ" ಅಂದ. 500 ರೂಪಾಯಿ. ಹನ್ನೆರಡು ದಿನಕ್ಕೆ ಮತ್ತೆ ಬಂತು. ಮತ್ತೆ 500. ಆಮೇಲೆ ಇಜಿಆರ್ ವಾಲ್ವ್ (ಹೊಗೆಯಲ್ಲಿ ಸ್ವಲ್ಪವನ್ನು ಇಂಜಿನ್ನಿಗೆ ವಾಪಸ್ ಬಿಡುವ ವಾಲ್ವ್) ಕ್ಲೀನ್ ಅಂತ 6,500. ಅದಾದ ಮೇಲೆ ಡಿಪಿಎಫ್ ಸೆನ್ಸರ್ ಹೊಸದು ಅಂತ 9,000. ವಾರ ಕಳೆಯಲಿಲ್ಲ, ಲೈಟ್ ಹಾಜರ್. ಯಾವ ಕೋಡ್ (ತೊಂದರೆ ಏನು ಅಂತ ಗಾಡಿ ತೋರಿಸುವ ನಂಬರ್) ಬಂದಿದೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಕ್ಲಿಯರ್ ಮಾಡಿದರೆ ಕೋಡ್ ಒಂದೇ ಅಲ್ಲ, ಲೈಟ್ ಬಂದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಅಂತ ಗಾಡಿ ಬರೆದಿಟ್ಟುಕೊಂಡಿದ್ದೂ ಅಳಿಸಿ ಹೋಗುತ್ತದೆ. ಮುಂದೆ ನೋಡುವವನಿಗೆ ಸುಳಿವೇ ಇರುವುದಿಲ್ಲ.

ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಕೈ ಕೊಟ್ಟಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಹೊತ್ತು ಮುಳುಗಿತ್ತು, ಮಂಜು ಬೇರೆ. ಒಂದು ತಿರುವಿನಲ್ಲಿ ಪಿಕಪ್ ಪೂರ್ತಿ ಹೋಯಿತು. ಎಷ್ಟು ಒತ್ತಿದರೂ 2000 ಆರ್‌ಪಿಎಂ ದಾಟಲಿಲ್ಲ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿದೆ, ಎಡಕ್ಕೆ ಪ್ರಪಾತ. ಅಮ್ಮ ಮಾತಾಡಲಿಲ್ಲ, ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಫಸ್ಟ್ ಗೇರಿನಲ್ಲೇ ತೆವಳಿಕೊಂಡು ಕೊಟ್ಟಿಗೆಹಾರ ಮುಟ್ಟಿದೆವು. ಆ ಅರ್ಧ ಗಂಟೆ ನೆನೆದರೆ ಇವತ್ತಿಗೂ ಕೈ ಬೆವರುತ್ತದೆ.

ಮಾರನೇ ದಿನ ಅದೇ ಗ್ಯಾರೇಜಿನವರು ಡಿಪಿಎಫ್ ಹೋಗಿದೆ, ಹೊಸದಕ್ಕೆ 1,30,000 ಆಗುತ್ತೆ ಅಂದರು. ಬೇಡ ಅಂದರೆ ಒಳಗಿನ ಫಿಲ್ಟರನ್ನೇ ತೆಗೆದುಬಿಡುತ್ತೇವೆ ಅಂದರು. ಅದಕ್ಕೆ ಮಾತ್ರ ಯಾರೂ ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ನಮ್ಮ ಮಕ್ಕಳು ಉಸಿರಾಡುವ ಗಾಳಿಗೂ ಕೇಡು.

ಭಾವನ ಮಾತು ಕೇಳಿ ಬೇಲೂರು ದಾರಿಯಲ್ಲಿ ಹಾಸನಕ್ಕೆ ನಿಧಾನವಾಗಿ ಓಡಿಸಿಕೊಂಡು ಹೋದೆ. ಅಲ್ಲಿಯ ಮೆಕ್ಯಾನಿಕ್ ಏನನ್ನೂ ಬಿಚ್ಚಲಿಲ್ಲ. ಸ್ಕ್ಯಾನರ್ ಹಾಕಿ, ನೋಟ್‌ಬುಕ್ಕಿನ ಹಾಳೆಯಲ್ಲಿ ಪಿ2453 ಅಂತ ಬರೆದರು. ಡಿಪಿಎಫ್‌ನ ಪ್ರೆಷರ್ ಸೆನ್ಸರ್ ಕೊಡುವ ಲೆಕ್ಕ ಸರಿಯಿಲ್ಲ ಅನ್ನೋ ಕೋಡ್ ಅದು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಅಣ್ಣಾ, ಗಾಡಿ ಎಲ್ಲಿ ನಿಲ್ಲಿಸ್ತೀರ?"

ಕಾಫಿ ಮೂಟೆ ಇಡೋ ಶೆಡ್ಡಿನಲ್ಲಿ ಅಂದೆ. ಟಾರ್ಚ್ ಬಿಟ್ಟು ಸೆನ್ಸರಿಗೆ ಹೋಗುವ ರಬ್ಬರ್ ಹೋಸ್ ತೋರಿಸಿದರು. ಬೆರಳಿಗಿಂತ ಸಪೂರ. ಅದರ ತಳಭಾಗದಲ್ಲಿ ಇಲಿ ಕಡಿದ ಗುರುತು, ಸಾಲಾಗಿ ನಾಲ್ಕು ಹಲ್ಲು, ಸುತ್ತ ಮಸಿ ಹಿಡಿದಿತ್ತು. ಗಾಳಿ ಅಲ್ಲಿಂದ ಸೋರುತ್ತಿತ್ತು. ಹೊಸ ಸೆನ್ಸರ್ ಹಾಕಿದರೂ ಹೋಸ್ ಹಳೆಯದೇ ಅಲ್ವಾ? ಲೆಕ್ಕ ತಪ್ಪಿದ್ದಕ್ಕೆ ಇಂಜಿನ್ ಮಸಿ ಸುಡುವುದನ್ನೇ ನಿಲ್ಲಿಸಿತ್ತು. ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಮೇಲಿನ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ಅದಕ್ಕೂ ಮುಂಚೆ ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ, ಸುಡಲು ಅಂತ ಇಂಜಿನ್ ಹೆಚ್ಚಿಗೆ ಬಿಟ್ಟ ಡೀಸೆಲ್ ಆಯಿಲಿಗೆ ಇಳಿದಿತ್ತು. ಹಾಗೇ ಓಡಿಸಿದ್ದರೆ ಇಂಜಿನ್ನಿಗೇ ಕುತ್ತು.

ಹೋಸಿಗೆ 650 ರೂಪಾಯಿ. ಆಯಿಲ್ ಬದಲಿಸಿ, ಸ್ಕ್ಯಾನರ್‌ನಿಂದಲೇ ಮಸಿ ಸುಡಿಸಿದ್ದಕ್ಕೆ ಬೇರೆ ದುಡ್ಡು. ಡಿಪಿಎಫ್ ಚೆನ್ನಾಗಿಯೇ ಇತ್ತು. ನಾಲ್ಕು ತಿಂಗಳಾಯಿತು, ಲೈಟ್ ಬಂದಿಲ್ಲ. ವಾರಕ್ಕೊಮ್ಮೆ ಬೇಲೂರು ಕಡೆಗೆ ಅರ್ಧ ಗಂಟೆ ಒಂದೇ ಸಮನೆ ಓಡಿಸಿಕೊಂಡು ಬರುತ್ತೇನೆ. ಫ್ಯಾನ್ ಜೋರಾಗಿದ್ದರೆ ಕೀ ತೆಗೆಯದೆ ಇನ್ನೊಂದು ಸುತ್ತು ಹೋಗುತ್ತೇನೆ.

ಒಂದು ಮಾತು. ಹಳದಿ ಇಂಜಿನ್ ಲೈಟ್ ಮಿನುಗದೆ ಒಂದೇ ಸಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಆಯಿಲ್ ಕ್ಯಾನಿನ ಗುರುತಿನ ಕೆಂಪು ಲೈಟ್ ಬಂದರೆ ಅಲ್ಲೇ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ.

ಹಳೇ ಗ್ಯಾರೇಜಿಗೆ ಹೋಗಿ ಆ ಹೋಸ್ ತೋರಿಸಿ ದುಡ್ಡು ಕೇಳಿದೆ. ಬಿಲ್ ಎಲ್ಲಿ ಅಂದರು. ಒಂದಕ್ಕೂ ಬಿಲ್ ತೆಗೆದುಕೊಂಡಿರಲಿಲ್ಲ. ಕೋಡ್ ಬರೆದ ಚೀಟಿ, ಕೆಲಸದ ಬಿಲ್, ಎರಡೂ ಕೈಗೆ ಬಾರದೆ ನೀವು ದುಡ್ಡು ಕೊಡಬೇಡಿ.