ಬರ್ನ್ಸ್ ಸಪ್ಪರ್‌ಗೆ ಕೇಟರಿಂಗ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ಸ್ಕಾಟ್‌ಲೆಂಡ್‌ನಲ್ಲಿ ಅಂಗಡಿ, ಆಫೀಸು ಇಟ್ಟುಕೊಂಡಿರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ. ಇನ್ನೂ ಸಿಟ್ಟು ಇಳಿದಿಲ್ಲ.

ಗ್ಲಾಸ್ಗೋದಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ. ಕೆಲಸದವರು ಐದು ಜನ, ಎಲ್ಲರೂ ಇಲ್ಲಿಯವರೇ. ಪ್ರತಿ ದೀಪಾವಳಿಗೂ ನಮ್ಮ ಮನೆಗೆ ಬಂದು ಹೋಳಿಗೆ ಊಟ ಮಾಡಿ ಹೋಗುತ್ತಾರೆ. ಜನವರಿ 25, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ, ಅವರಿಗೆ ಎಂಥ ಹಬ್ಬ ಅಂತ ಇಲ್ಲಿರುವವರಿಗೆ ಗೊತ್ತಲ್ವಾ? ಅವತ್ತಿನ ರಾತ್ರಿ ಊಟಕ್ಕೇ ಬರ್ನ್ಸ್ ಸಪ್ಪರ್ ಅನ್ನೋದು. ಈ ಸಲ ಅದನ್ನು ನಾನು ಮಾಡಿಸಬೇಕು ಅಂದುಕೊಂಡೆ. ಗಿರಾಕಿಗಳೂ ಸೇರಿ 24 ಜನ.

ಕೇಟರಿಂಗ್‌ನವನು ಫೋನಲ್ಲಿ ಎಲ್ಲದಕ್ಕೂ ಹೂಂ ಅಂದ. ಕಾಕಾಲೀಕಿ ಅನ್ನೋ ಕೋಳಿ ಸೂಪು, ಇಡೀ ಹ್ಯಾಗಿಸ್ (ಕುರಿಯ ಒಳಾಂಗ, ಓಟ್ಸ್ ಚೀಲದೊಳಗೆ ತುಂಬಿ ಬೇಯಿಸಿದ ದಪ್ಪ ಉಂಡೆ), ನೀಪ್ಸ್ (ಟರ್ನಿಪ್ ಜಾತಿಯ ಗೆಡ್ಡೆ), ಟ್ಯಾಟೀಸ್ (ಆಲೂಗಡ್ಡೆ), ಕೊನೆಗೆ ಕ್ರಾನಕನ್ ಅನ್ನೋ ಕೆನೆ, ಓಟ್ಸ್, ರಾಸ್‌ಬೆರಿ ಸಿಹಿ. ಆರು ಜನಕ್ಕೆ ವೆಜ್ ಹ್ಯಾಗಿಸ್ ಬೇರೆ. ತಲೆಗೆ 32 ಪೌಂಡ್. ಅರ್ಧ ದುಡ್ಡು, 384 ಪೌಂಡ್, ಅವತ್ತೇ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿಬಿಟ್ಟೆ.

ಆ ರಾತ್ರಿ ಬ್ಯಾಗ್‌ಪೈಪ್ ಊದುವವರು ಮುಂದೆ, ತಟ್ಟೆ ಹಿಡಿದ ಹುಡುಗ ಹಿಂದೆ. ತಟ್ಟೆಗೆ ಮುಚ್ಚಳ ಇತ್ತು, ಬಿಸಿ ಆರದಿರಲಿ ಅಂತ ಇರಬೇಕು ಅಂದುಕೊಂಡೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಹ್ಯಾಗಿಸ್ ಮುಂದೆ ಬರ್ನ್ಸ್ ಪದ್ಯ ಹೇಳಿ, ಪದ್ಯದಲ್ಲಿ ಚಾಕುವಿನ ಮಾತು ಬಂದಾಗ ಅದನ್ನು ಸೀಳಬೇಕು. ನಮ್ಮ ಕಟಿಂಗ್ ಮಾಸ್ಟರ್‌ಗೆ ಪದ್ಯ ಪೂರ್ತಿ ಬಾಯಿಪಾಠ. ಹಿಂದಿನ ಸಂಜೆ ಅಂಗಡಿಯಲ್ಲೇ ಕೂತು ಚಾಕು ಮಸೆದಿದ್ದರು.

ಹುಡುಗ ಮುಚ್ಚಳ ತೆಗೆದ. ಫಾಯಿಲ್ ಟ್ರೇ. ಅದರೊಳಗೆ ಸೌತೆಕಾಯಿ ಹೆಚ್ಚಿದ ಹಾಗೆ ದುಂಡು ದುಂಡು ಬಿಲ್ಲೆಗಳು. ಒಂದೆರಡಕ್ಕೆ ಸುತ್ತಲಿನ ಪ್ಲಾಸ್ಟಿಕ್ ಕೂಡ ಹಾಗೇ ಇತ್ತು! ಸೀಳುವುದಕ್ಕೆ ಏನೂ ಇಲ್ಲ. ಪೈಪ್ ನಿಂತಿತು. ಮಾಸ್ಟರ್ ಚಾಕು ಹಿಡಿದುಕೊಂಡು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಅದನ್ನು ನ್ಯಾಪ್ಕಿನ್ ಮೇಲೆ ಇಟ್ಟರು. ಆ ಹೊತ್ತಿನಲ್ಲಿ ನನಗಾದ ಅವಮಾನ ಹೇಳಲಿಕ್ಕಾಗದು.

ವೆಜ್ ಯಾವುದು ಅಂತ ನನ್ನ ಹೆಂಡತಿ ಕೇಳಿದಳು. 'ಅದೇ ಟ್ರೇ, ಎಡಗಡೆಯದು' ಅಂದ ಹುಡುಗ. ಒಂದರಲ್ಲಿ ಕುರಿಯ ಹೃದಯ, ಲಿವರ್, ಶ್ವಾಸಕೋಶ, ಇನ್ನೊಂದರಲ್ಲಿ ಬೇಳೆ, ಓಟ್ಸ್. ಎರಡೂ ಒಂದೇ ಟ್ರೇ, ಒಂದೇ ಚಮಚ! ಆರು ಜನ ಬರೀ ಆಲೂಗಡ್ಡೆ, ನೀಪ್ಸ್ ತಿಂದು ಎದ್ದರು.

ಕೇಟರಿಂಗ್‌ನವನಿಗೆ ಆಗಲೇ ಫೋನ್ ಮಾಡಿದೆ. 'ರುಚಿ ಅದೇ ಅಲ್ವಾ, ಬಿಲ್ಲೆ ಆದರೆ ಬಡಿಸಲು ಸುಲಭ' ಅಂದ. ರುಚಿ ಅದೇ ಅಂತೆ! ಮಾರನೇ ದಿನ ಮೇಲ್ ಹಾಕಿದರೆ, 'ಕೊಟೇಶನ್‌ನಲ್ಲಿ ಹ್ಯಾಗಿಸ್ ಅಂತ ಇದೆ, ಇಡೀದು ಅಂತ ಎಲ್ಲಿದೆ?' ನೋಡಿದೆ, ನಿಜವಾಗಿಯೂ ಇರಲಿಲ್ಲ. ಗ್ರಾಹಕರ ಕಾನೂನಿನ ಮಾತೆತ್ತಿದಾಗ, 'ನೀವು ಅಂಗಡಿ ಹೆಸರಲ್ಲಿ ಬುಕ್ ಮಾಡಿದ್ದು, ಅದು ನಿಮಗೆ ಅನ್ವಯಿಸುವುದಿಲ್ಲ' ಅಂತ ಉತ್ತರ. ವಿಚಾರಿಸಿದರೆ ಅದೂ ಹೌದು. ಇಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಸ್ವಂತಕ್ಕೆ ಕೊಳ್ಳುವವರಿಗೆ ಮಾತ್ರ. ಒಂದು ಸಲವೂ, ಒಂದೇ ಒಂದು ಸಲವೂ ಸಾರಿ ಅನ್ನಲಿಲ್ಲ.

'ಇಡೀ ಹ್ಯಾಗಿಸ್, ಮೇಜಿನ ಮೇಲೆ ಸೀಳಲು' ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ವೆಜ್‌ಗೆ ಪಾತ್ರೆ, ಚಮಚ ಬೇರೆ ಅಂತಲೂ ಬರೆಸಿ. ಫೋನಲ್ಲಿ ಹೂಂ ಅಂದ ಮಾತು ನಂಬಿ ಸುಮ್ನೆ ಅರ್ಧ ದುಡ್ಡು ಕಳಿಸಬೇಡಿ.

ಬಾಕಿ 384 ಪೌಂಡ್ ಕೊಡಿ ಅಂತ ಮೊನ್ನೆ ಮತ್ತೆ ಮೇಲ್ ಬಂದಿದೆ. ನಾನು ಕೊಟ್ಟಿಲ್ಲ.