ಹಳೇ ಗೇಮ್ ಕ್ಯಾಸೆಟ್ ಆನ್‌ಲೈನ್‌ನಲ್ಲಿ ತಗೊಳ್ಳುವವರಿಗೆ: ಏಳು ದಿನದ ರಿಟರ್ನ್ ಸಾಲುವುದಿಲ್ಲ

ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಆಪ್‌ಗಳಲ್ಲಿ ಕೆಲವು ವರ್ಷಗಳಿಂದ ಹಳೇ ವಿಡಿಯೋ ಗೇಮ್ ತಗೊಳ್ಳುತ್ತಿದ್ದೇನೆ. ಮಿಕ್ಸಿ, ಮೊಬೈಲ್, ಸೈಕಲ್ ತಗೊಳ್ಳುವವರಿಗೆ ಈ ಆಪ್‌ಗಳು ಚೆನ್ನಾಗಿಯೇ ಇವೆ. ಗೇಮ್ ಕ್ಯಾಸೆಟ್ ತಗೊಳ್ಳುವವರಿಗೆ ಮಾತ್ರ ಒಂದು ದೊಡ್ಡ ತೊಂದರೆ ಇದೆ. ನಕಲಿ ಕ್ಯಾಸೆಟ್ ಮನೆಗೆ ಬಂದ ದಿನ ಕೆಡುವುದಿಲ್ಲ. ವಾರಗಟ್ಟಲೆ ಚೆನ್ನಾಗಿ ಓಡಿ, ನೀವು ಗೇಮ್ ಮುಗಿಸುವ ಹೊತ್ತಿಗೆ ಕೈಕೊಡುತ್ತದೆ. ನಾನು ಬಳಸುವ ಆಪ್‌ನ ರಿಟರ್ನ್ ಅವಧಿ ಏಳು ದಿನ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ಸಿಟ್ಟು ಏನು ಅಂತ ಗೊತ್ತಾಗುತ್ತದೆ.

ನಾನು ಕೊಪ್ಪಳದವನು. ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗೇಮಿಗೆ ಅಂತ ತಿಂಗಳಿಗೆ ಸಾವಿರದ ಮೇಲೆ ತೆಗೆದಿಡಲು ಆಗುವುದಿಲ್ಲ. ಮೂರ್ನಾಲ್ಕು ತಿಂಗಳು ಕೂಡಿಟ್ಟರೆ ಒಂದು ಒಳ್ಳೆಯ ಕ್ಯಾಸೆಟ್. ಅದು ನಕಲಿ ಅಂತಾದರೆ ಮತ್ತೆ ಅಷ್ಟೇ ತಿಂಗಳು ಕೈ ಕಟ್ಟಿ ಕೂರಬೇಕು. ಇಷ್ಟೇ ದುಡ್ಡಲ್ಲಿ ಈ ಹವ್ಯಾಸ ಇಟ್ಟುಕೊಂಡವರನ್ನು ಮನಸ್ಸಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಸಿಟ್ಟು ತರಿಸಿದ್ದು ಪೋಕೆಮಾನ್ ಎಮರಾಲ್ಡ್. ಗೇಮ್ ಬಾಯ್ ಅಡ್ವಾನ್ಸ್ ಅಂದರೆ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಯಂತ್ರ; ಇದು ಅದರ ಕ್ಯಾಸೆಟ್, ಅಮೆರಿಕದಲ್ಲಿ ಬಿಡುಗಡೆ ಆಗಿದ್ದು 2005ರಲ್ಲಿ. ಪೋಕೆಮಾನ್ ಅನ್ನುವ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ಗೇಮ್. ಮಾರುವವನು "ನೂರಕ್ಕೆ ನೂರು ಒರಿಜಿನಲ್ ಬ್ರೋ, ನಮ್ಮಣ್ಣ ದುಬೈಯಿಂದ ತಂದಿದ್ದು" ಅಂದ. ಫೋಟೋ ಒಂದೇ, ಅದೂ ಮುಂಭಾಗದ್ದು. ಇನ್ನೊಂದು ಫೋಟೋ ಕೇಳಿದ್ದಕ್ಕೆ ಗೇಮ್ ಓಡುವ ವಿಡಿಯೋ ಕಳಿಸಿದ. ಮೂರೂವರೆ ಸಾವಿರ ಹೇಳಿ ಮೂರಕ್ಕೆ ಒಪ್ಪಿದ. ಕೊರಿಯರ್ ಬಂತು, ಹಾಕಿದೆ, ಓಡಿತು. ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿದೆ. ಸೇವ್ ಇತ್ತು. ಏಳು ದಿನ ಏನೂ ತೊಂದರೆ ಇಲ್ಲದೆ ಕಳೆಯಿತು.

ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಂತಲೂ ಹೇಳಬೇಕು. ನನ್ನ ಹತ್ತಿರ ಇರುವುದು ಗೇಮ್ ಬಾಯ್ ಅಡ್ವಾನ್ಸ್‌ನ ಮೊದಲ ಮಾದರಿ, 2001ರದ್ದು. ಅದರ ಪರದೆಗೆ ಒಳಗಿನ ಬೆಳಕಿಲ್ಲ. ಟ್ಯೂಬ್‌ಲೈಟ್ ಕೆಳಗೂ ಮಸುಕು. ಬಹಳ ಜನ ಇದಕ್ಕೆ ಬೈದು ಹೊಸ ಪರದೆ ಹಾಕಿಸುತ್ತಾರೆ. ನನಗೆ ಬೇಕೆನಿಸಲಿಲ್ಲ. ನಮ್ಮೂರಲ್ಲಿ ಬಿಸಿಲಿಗೇನು ಬರ? ಮಧ್ಯಾಹ್ನ ಮನೆಗೆ ಬಂದು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಗಿಸಿ, ಬಾಗಿಲ ಕಟ್ಟೆಯ ನೆರಳಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂರುತ್ತೇನೆ. ಮೈಯೆಲ್ಲ ನೆರಳಲ್ಲಿ, ಕೈ ಮಾತ್ರ ಸ್ವಲ್ಪ ಮುಂದೆ. ಪರದೆಯನ್ನು ಬಿಸಿಲಿನ ಕಡೆ ಚೂರು ಓರೆ ಮಾಡಿದರೆ ಸಾಕು, ಹುಲ್ಲಿನ ಹಸಿರು, ನೀರಿನ ನೀಲಿ ಎಲ್ಲ ಎದ್ದು ಕಾಣುತ್ತವೆ. ಎರಡು ಪೆನ್ಸಿಲ್ ಸೆಲ್ಲಿಗೆ ಸುಮಾರು 15 ಗಂಟೆ ಬರುತ್ತದೆ. ಕರೆಂಟ್ ಹೋದರೂ ಚಿಂತೆಯಿಲ್ಲ. ಅಪ್‌ಡೇಟ್ ಕೇಳುವುದಿಲ್ಲ, ಮಧ್ಯೆ ಜಾಹೀರಾತು ಬರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಯೂರಿಯಾ ಲೋಡು, ಬಾಕಿ ಪಟ್ಟಿ ಯಾವುದೂ ತಲೆಯಲ್ಲಿ ಇರುವುದಿಲ್ಲ.

ಭಾನುವಾರ ಅಕ್ಕನ ಮಗ ಬರುತ್ತಾನೆ. ಮೊದಲ ಪೋಕೆಮಾನ್ ಆರಿಸಿದ್ದು ಅವನೇ, ಮಡ್‌ಕಿಪ್. ಅದಕ್ಕೆ ಭೀಮ ಅಂತ ಹೆಸರಿಟ್ಟೆವು. ಗೇಮಿನಲ್ಲಿ ಕನ್ನಡ ಅಕ್ಷರ ಇಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಹೊಡೆದೆವು. ಭೀಮ ಬೆಳೆದು ಸ್ವಾಂಪರ್ಟ್ ಆಗುವ ತನಕ ಇಬ್ಬರೂ ಸೇರಿ ಆಡಿದ್ದು. ಕೊನೆಗೆ ಎದುರಾಳಿಗಳಾಗಿ ಎಲೈಟ್ ಫೋರ್ ಅಂತ ನಾಲ್ವರು ಬರುತ್ತಾರೆ, ಆಮೇಲೆ ಚಾಂಪಿಯನ್. ಎಲ್ಲರನ್ನೂ ಒಂದೇ ಸಲಕ್ಕೆ ಹೊಡೆಯಬೇಕು. ಹೊಡೆದೆವು. ಗೆದ್ದ ತಂಡವನ್ನು ದಾಖಲಿಸುವ ಹಾಲ್ ಆಫ್ ಫೇಮ್‌ನಲ್ಲಿ ಭೀಮನ ಚಿತ್ರ ಬಂತು. ಸೇವ್ ಆಗುತ್ತಿದೆ, ಆಫ್ ಮಾಡಬೇಡಿ ಅಂತ ಬಂತು. ಆಮೇಲೆ ಮತ್ತೆ ಆನ್ ಮಾಡಿದರೆ ಸೇವ್ ಫೈಲ್ ಹಾಳಾಗಿದೆ ಅಂತ ಒಂದು ಸಾಲು, ಅದರ ಹಿಂದೆ ಹೊಸ ಗೇಮ್ ಶುರು ಮಾಡುವ ಪರದೆ.

"ಮಾಮಾ, ಭೀಮ ಎಲ್ಲಿ?" ಅಂದ ಹುಡುಗ.

ಹುಡುಕಿದಾಗ ಗೊತ್ತಾಯಿತು, ಇದು ನಕಲಿ ಎಮರಾಲ್ಡ್‌ಗಳಿಗೆ ಅಂಟಿದ ಹಳೇ ರೋಗ. ಅಸಲಿ ಕ್ಯಾಸೆಟ್‌ನಲ್ಲಿ ಸೇವ್ ಕೂರುವುದು 1 ಮೆಗಾಬಿಟ್ ಫ್ಲಾಶ್ ಚಿಪ್‌ನಲ್ಲಿ, ಅಂದರೆ ಕರೆಂಟ್ ಇಲ್ಲದಿದ್ದರೂ ಬರೆದದ್ದನ್ನು ಉಳಿಸಿಕೊಳ್ಳುವ ಚಿಪ್‌ನಲ್ಲಿ. ನಕಲಿ ಮಾಡುವವರು ಅಗ್ಗದ ಚಿಪ್ ಹಾಕಿ ಗೇಮನ್ನೇ ಅದಕ್ಕೆ ತಕ್ಕಂತೆ ತಿದ್ದುತ್ತಾರೆ. ದಿನದ ಸೇವ್ ಸರಿಯಾಗಿಯೇ ನಡೆಯುತ್ತದೆ. ಹಾಲ್ ಆಫ್ ಫೇಮ್‌ನ ವಿವರ ಬರೆಯುವುದು ಬೇರೆ ಜಾಗಕ್ಕೆ. ಎಷ್ಟೋ ನಕಲಿಗಳು ಎಡವುವುದು ಅಲ್ಲೇ. ಅಂದರೆ ಗೆದ್ದವನಿಗೇ ಪೆಟ್ಟು. ಅರ್ಧಕ್ಕೆ ಬಿಟ್ಟವನಿಗೆ ತನ್ನದು ನಕಲಿ ಅಂತ ಗೊತ್ತೇ ಆಗುವುದಿಲ್ಲ, ಅವನು ಹೋಗಿ ಐದು ಸ್ಟಾರ್ ಕೊಟ್ಟು ಬರುತ್ತಾನೆ. ಈ ಆಪ್‌ಗಳಲ್ಲಿ ಮಾರುವವರ ಸ್ಟಾರ್ ನೋಡಿ ನಂಬುವುದನ್ನು ನಾನು ಬಿಟ್ಟಿದ್ದು ಇದಕ್ಕೇ.

ಆಪ್‌ಗೆ ದೂರು ಕೊಟ್ಟೆ. "ರಿಟರ್ನ್ ಅವಧಿ ಮುಗಿದಿದೆ" ಅಂತ ಉತ್ತರ. ಒಳಗಿನ ಬೋರ್ಡಿನ ಫೋಟೋ ಹಾಕಿ, ಇದು ನಕಲಿ ಮಾಲು ಅಂತ ವಿವರಿಸಿ ಬರೆದೆ. ಮತ್ತೆ ಅದೇ ಉತ್ತರ, ಒಂದು ಅಕ್ಷರ ಬದಲಾಗಿರಲಿಲ್ಲ. ಮಾರಿದವನು "ಕೊಟ್ಟಾಗ ಓಡ್ತಿತ್ತಲ್ಲ ಬ್ರೋ" ಅಂತ ಹೇಳಿ ಬ್ಲಾಕ್ ಮಾಡಿದ. ನನ್ನ ಪ್ರಶ್ನೆ ಇಷ್ಟೇ. ಮಾಲು ಕೆಟ್ಟಿದೆ ಅನ್ನುವ ದೂರು ಬೇರೆ, ಮಾಲೇ ನಕಲಿ ಅನ್ನುವ ದೂರು ಬೇರೆ ಅಲ್ವಾ? ನಕಲಿ ಮಾಲು ಏಳನೇ ದಿನವೂ ನಕಲಿಯೇ, ಎಪ್ಪತ್ತನೇ ದಿನವೂ ನಕಲಿಯೇ. ಅದಕ್ಕೆ ಗಡುವು ಯಾಕೆ? ಕ್ಯಾಸೆಟ್ ಮಾರಾಟಕ್ಕೆ ಹಾಕುವವರು ಹಿಂಭಾಗದ ಮತ್ತು ಪಿನ್ನಿನ ಫೋಟೋ ಹಾಕಲೇಬೇಕು ಅಂತ ಒಂದು ನಿಯಮ ಮಾಡಿದರೂ ಅರ್ಧ ಮೋಸ ನಿಲ್ಲುತ್ತದೆ.

ಆ ನಿಯಮ ಬರುವ ತನಕ ನೀವೇ ಕೇಳಿ ಪಡೆಯಬೇಕು. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್ ಆದರೆ ನಾನು ಮೊದಲು ಕೇಳುವುದು ಪಿನ್ನಿನ ಕಡೆಯ ಫೋಟೋ, ಹತ್ತಿರದಿಂದ, ಫೋಕಸ್ ಆಗಿರಬೇಕು. ಚಿನ್ನದ ಬಣ್ಣದ ಪಿನ್ನುಗಳ ಮೇಲೆ ಬೋರ್ಡಿನಲ್ಲಿ ನಿಂಟೆಂಡೊ ಹೆಸರು ಸಣ್ಣದಾಗಿ ಅಚ್ಚಾಗಿರುತ್ತದೆ. ಆಮೇಲೆ ಮುಂದಿನ ಲೇಬಲ್, ಆದರೆ ನೇರವಾಗಿ ಬೇಡ. ಕಿಟಕಿ ಹತ್ತಿರ ಹಿಡಿದು ಓರೆಯಾಗಿ ತೆಗೆಯಲು ಹೇಳಿ. ಅಸಲಿ ಲೇಬಲ್ಲಿನ ಮೇಲೆ ಎರಡಂಕಿಯ ಒಂದು ಸಂಖ್ಯೆ ಒತ್ತಿರುತ್ತದೆ. ಶಾಯಿ ಇಲ್ಲ, ಬರೀ ಒತ್ತು. ನೇರ ಬೆಳಕಲ್ಲಿ ಕಾಣುವುದೇ ಇಲ್ಲ, ಓರೆ ಬೆಳಕಲ್ಲಿ ಕಾಣುತ್ತದೆ. ಹಿಂದಿನ ಸ್ಕ್ರೂ ಮೂರು ಎಸಳಿನದಿರಬೇಕು. ಮಾಮೂಲಿ ಪ್ಲಸ್ ಸ್ಕ್ರೂ ಇದ್ದರೆ ಅನುಮಾನ ಪಡಿ. ಹಾಗಂತ ಮೂರು ಎಸಳಿನ ಸ್ಕ್ರೂ ಕಂಡ ಕೂಡಲೇ ನಂಬಬೇಡಿ, ಈಗ ನಕಲಿಗೂ ಅದನ್ನೇ ಹಾಕುತ್ತಾರೆ. ಇಷ್ಟು ಫೋಟೋ ಕೇಳಿದಾಗ ಅರ್ಧ ಜನ ಉತ್ತರ ಕೊಡುವುದಿಲ್ಲ. ಒಬ್ಬ "ತಗೊಂಡ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ" ಅಂದ. ಬಿಟ್ಟೆ.

ಹೀಗೆ ಕೇಳುತ್ತಾ ಕೇಳುತ್ತಾ ಕೊನೆಗೆ ದಾವಣಗೆರೆ ಕಡೆಯ ಒಬ್ಬರು ಸಿಕ್ಕರು. ಅವರ ಬಗ್ಗೆ ಬರೆಯದೆ ಇದ್ದರೆ ತಪ್ಪಾಗುತ್ತದೆ. ನಾನು ಕೇಳುವ ಮೊದಲೇ ಸ್ಕ್ರೂ ಬಿಚ್ಚಿ, ಬೋರ್ಡ್ ಕೈಯಲ್ಲಿ ತಿರುಗಿಸಿ ತೋರಿಸುವ ವಿಡಿಯೋ ಕಳಿಸಿದರು. ಜೊತೆಗೆ ಒಂದು ಮಾತು: "ಸರ್, ಆನ್ ಮಾಡಿದಾಗ ಬ್ಯಾಟರಿ ಸತ್ತಿದೆ ಅಂತ ಬರುತ್ತೆ, ಅದಕ್ಕೇ ಐನೂರು ಕಮ್ಮಿ ಮಾಡಿದ್ದೀನಿ." ನನಗೆ ಆ ಮಾತೇ ದೊಡ್ಡ ಖುಷಿ. ಎಮರಾಲ್ಡ್ ಒಳಗೆ ಸಿಆರ್ 1616 ಅನ್ನುವ ಬಟನ್ ಸೆಲ್ ಇರುತ್ತದೆ, ಗೇಮಿನ ಗಡಿಯಾರಕ್ಕೆ. ಇಷ್ಟು ವರ್ಷದಲ್ಲಿ ಅದು ಸಾಯಲೇಬೇಕು. ಸತ್ತಾಗ ಅಸಲಿ ಗೇಮ್ ಶುರುವಿನಲ್ಲೇ ಹೇಳುತ್ತದೆ: ಬ್ಯಾಟರಿ ಮುಗಿದಿದೆ, ಆಡಬಹುದು, ಗಡಿಯಾರಕ್ಕೆ ಸೇರಿದ್ದು ಮಾತ್ರ ನಡೆಯಲ್ಲ. ಈ ಸೂಚನೆ ಕಂಡರೆ ಹೆದರಬೇಡಿ. ಸೇವ್ ಇರುವುದು ಫ್ಲಾಶ್ ಚಿಪ್‌ನಲ್ಲಿ, ಅದಕ್ಕೆ ಏನೂ ಆಗುವುದಿಲ್ಲ. ಹಳೇ ಗೇಮ್ ಬಾಯ್‌ನ ಪೋಕೆಮಾನ್ ಗೋಲ್ಡ್, ಸಿಲ್ವರ್ ಕ್ಯಾಸೆಟ್ ಹಾಗಲ್ಲ. ಅಲ್ಲಿ ಸೇವ್ ನಿಂತಿರುವುದೇ ಸೆಲ್ ಮೇಲೆ, ಸೆಲ್ ಸತ್ತರೆ ಸೇವ್ ಹೋಯಿತು. ಅವನ್ನು ತಗೊಂಡರೆ ಸೆಲ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸೆಲ್ ಹಾಕಿಸಲು ಬಸ್ ಸ್ಟ್ಯಾಂಡ್ ಹತ್ತಿರ ಟಿವಿ, ರೇಡಿಯೋ ರಿಪೇರಿ ಮಾಡುವ ಕಾಕಾ ಹತ್ತಿರ ಹೋದೆ. ಕ್ಯಾಸೆಟ್ ಕೈಯಲ್ಲಿ ಹಿಡಿದು "ಇದರಾಗ ಗಡಿಯಾರ ಐತೇನು?" ಅಂದರು. ಕಾಲು ಬೆಸೆದ ಸೆಲ್ಲೇ ಬೇಕು, ಬರೀ ಸೆಲ್ಲಿಗೆ ಕಾವಿಟ್ಟರೆ ಸಿಡಿಯುತ್ತದೆ ಅಂತ ಅವರೇ ಹೇಳಿದರು. ನಾನು ತರಿಸಿಕೊಟ್ಟೆ. ಹಳೆಯದನ್ನು ಎಬ್ಬಿಸಿ, ಸೀಸ ಒರೆಸಿ, ಪ್ಲಸ್-ಮೈನಸ್ ನೋಡಿ, ಹೊಸದನ್ನು ಕೂರಿಸಿದರು. ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ದುಡ್ಡು ಕೊಡಲು ಹೋದರೆ ನಲವತ್ತು ರೂಪಾಯಿ ಸಾಕು ಅಂದರು. ಆಪ್‌ನವರು ಕೊಡದ ನೆಮ್ಮದಿಯನ್ನು ಕಾಕಾ ನಲವತ್ತು ರೂಪಾಯಿಗೆ ಕೊಟ್ಟರು. ಭೀಮನನ್ನು ಮತ್ತೆ ಮೊದಲಿಂದ ಬೆಳೆಸಿದೆವು. ಈ ಸಲ ಹಾಲ್ ಆಫ್ ಫೇಮ್ ಸೇವ್ ಆಯಿತು, ಇವತ್ತಿಗೂ ಇದೆ.

ಕ್ಯಾಸೆಟ್ ಸ್ವಚ್ಛ ಮಾಡುವುದು ತಿಂಗಳಿಗೊಮ್ಮೆ ನನ್ನ ಮೆಚ್ಚಿನ ಕೆಲಸ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಕರಿ ಧೂಳು ಬಲ್ಲವರಿಗೆ ನಮ್ಮ ಕಷ್ಟ ಗೊತ್ತು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಇಯರ್‌ಬಡ್ಡಿಗೆ ಎರಡು ಹನಿ ಹಾಕಿ ಪಿನ್ನಿನುದ್ದಕ್ಕೂ ಒರೆಸಿದರೆ ಹತ್ತಿ ಕಪ್ಪಾಗುತ್ತದೆ. ಹತ್ತಿ ಬೆಳ್ಳಗೇ ಉಳಿಯುವ ತನಕ ಒರೆಸಿ, ಒಣಗಲು ಬಿಟ್ಟು ಹಾಕಿ. ಬಾಯಿಂದ ಊದಬೇಡಿ, ಎಂಜಲಿನ ಪಸೆಗೆ ಪಿನ್ ಕಿಲುಬು ಹಿಡಿಯುತ್ತದೆ.

ಗವಿಮಠದ ಜಾತ್ರೆಯಲ್ಲಿ ಕೊಡಿಸುತ್ತಿದ್ದ ಟಿವಿ ಗೇಮ್ ನೆನಪಿಗೆ ಈಗ ಹುಡುಕುವವರಿಗೆ ಒಂದು ಮಾತು. ಅವು 1983ರ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು, 60 ಪಿನ್ನಿನ ಕ್ಯಾಸೆಟ್. ಆಗಲೂ ಅಗ್ಗದವೇ. ಈಗ ಅದನ್ನೇ "ಆಂಟಿಕ್, ರೇರ್" ಅಂತ ಸಾವಿರಾರು ರೂಪಾಯಿಗೆ ಹಾಕುತ್ತಾರೆ. 9999 ಗೇಮ್ ಅಂತ ಬರೆದಿರುತ್ತದೆ, ಇರುವುದು ಅದೇ ಮಾರಿಯೋ, ಅದೇ ಕಾಂಟ್ರಾ, ಅದೇ ಟ್ಯಾಂಕು, ಹೆಸರು ಬದಲಿಸಿ ಮತ್ತೆ ಮತ್ತೆ. ಬಾತುಕೋಳಿ ಹೊಡೆಯುವ ಬಂದೂಕಿಗೆ ಅಂತ ಜಾಸ್ತಿ ದುಡ್ಡು ಕೊಡಲೇಬೇಡಿ. ಅದು ಹಳೇ ಡಬ್ಬಾ ಟಿವಿಯ ಬೆಳಕನ್ನು ನೋಡಿ ಗುರಿ ಹಿಡಿಯುವ ಯಂತ್ರ, ಎಲ್‌ಇಡಿ ಟಿವಿ ಮುಂದೆ ಕೆಲಸ ಮಾಡುವುದಿಲ್ಲ.

ಮುಂಗಡ ಕೇಳುವವರ ಕಾಟ ಎಲ್ಲರಿಗೂ ಗೊತ್ತೇ ಇದೆ. ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ ಅಂತ ಗುರುತಿನ ಚೀಟಿ ಕಳಿಸಿದರೆ ಅಲ್ಲಿಗೇ ಬಿಡಿ. ದುಡ್ಡು ವಾಪಸ್ ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರೂ ಅಷ್ಟೇ, ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜಪಾನಿನಿಂದ ತರಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಅಡ್ವಾನ್ಸ್ ಕ್ಯಾಸೆಟ್ಟಿಗೆ ದೇಶದ ಬೀಗ ಇಲ್ಲ, ಓಡುತ್ತದೆ. ಆದರೆ ಅಕ್ಷರ ಎಲ್ಲ ಜಪಾನಿ, ಮೇಲೆ ಕಸ್ಟಮ್ಸ್, ಕೊರಿಯರ್. ಕಾರ್ ರೇಸು, ಓಡುವ-ಹಾರುವ ಗೇಮ್ ಆದರೆ ಸರಿ, ಕಥೆ ಓದಿ ಆಡುವ ಗೇಮ್ ಆದರೆ ಬೇಡ.

ಆಪ್‌ಗೆ ನಾನು ಕೊಡುವುದು ಐದಕ್ಕೆ ಎರಡು. ಆ ಎರಡೂ ದಾವಣಗೆರೆಯ ಮಾರಾಟಗಾರರಿಗೆ ಸೇರಬೇಕು. ಆಪ್ ಇಲ್ಲದಿದ್ದರೆ ಕೊಪ್ಪಳದಲ್ಲಿ ಕೂತ ನನಗೆ ಅವರು ಸಿಗುತ್ತಿರಲಿಲ್ಲ, ಅದೂ ನಿಜ. ಸದ್ಯ ಹುಡುಕುತ್ತಿರುವುದು 2009ರ ಹನುಮಾನ್: ಬಾಯ್ ವಾರಿಯರ್, ಪ್ಲೇಸ್ಟೇಷನ್ 2 (ಪಿಎಸ್ 2) ಡಿಸ್ಕ್. ಹೈದರಾಬಾದಿನಲ್ಲಿ ತಯಾರಾದ ಗೇಮ್. ಚೆನ್ನಾಗಿಲ್ಲ ಅಂತ ಆಡಿದವರು ಹೇಳುತ್ತಾರೆ. ಇರಲಿ, ಅಂಜನಾದ್ರಿ ಇರುವ ಜಿಲ್ಲೆಯವನ ಕಪಾಟಿನಲ್ಲಿ ಅದು ಇರಬೇಕು. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಡಿಸ್ಕಿನ ಹಿಂಭಾಗವನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು, ಗೀರು ಕಾಣುವ ಹಾಗೆ ಒಂದು ಫೋಟೋ ತೆಗೆದು ಕಳಿಸಿ. ಗೀರಿದ್ದರೂ ಪರವಾಗಿಲ್ಲ, ಇದೆ ಅಂತ ಹೇಳಿದರೆ ಸಾಕು.