ಸೌಂಡ್ ಇಲ್ಲದೆ ಒಂದು ವಾರ: ಮೂರು ಬಾಹ್ಯಾಕಾಶ ಗೇಮ್‌ಗಳ ಬಿಜಿಎಂ

ಹೆಡ್‌ಫೋನ್ ಕೈಕೊಟ್ಟಿತು. ರಾತ್ರಿ ಹನ್ನೊಂದರ ಮೇಲೆ ಸ್ಪೀಕರ್ ಹಾಕಿದರೆ ಮನೆಯಲ್ಲಿ ಬೈಗುಳ, ಹಾಗಾಗಿ ಒಂದು ವಾರ ಮ್ಯೂಟ್ ಮಾಡಿಯೇ ಆಡಿದೆ. ಯಾವ ಗೇಮ್‌ಗೆ ಬಿಜಿಎಂ (ಹಿನ್ನೆಲೆ ಸಂಗೀತ) ನಿಜಕ್ಕೂ ಬೇಕು, ಯಾವುದಕ್ಕೆ ಸುಮ್ನೆ ಇದ್ದರೆ ಚೆಂದ ಅಷ್ಟೇ ಅಂತ ಗೊತ್ತಾಗಿದ್ದು ಆಗಲೇ.

ಮೊದಲು ಎಫ್‌ಟಿಎಲ್, ಅಂದರೆ ಫಾಸ್ಟರ್ ದ್ಯಾನ್ ಲೈಟ್. 2012ರದ್ದು, ಸಂಗೀತ ಬೆನ್ ಪ್ರಂಟಿ. ಇದರಲ್ಲಿ ಒಂದೇ ಟ್ಯೂನ್‌ಗೆ ಎರಡು ರೂಪ, ಸುಮ್ಮನೆ ಸುತ್ತುವಾಗ ಒಂದು, ಕಾದಾಟಕ್ಕೆ ಇನ್ನೊಂದು. ಶತ್ರು ಹಡಗು ಎದುರಾದರೆ ಟ್ಯೂನ್ ಬದಲಾಗುವುದಿಲ್ಲ, ಅದರೊಳಗೇ ಡ್ರಮ್ಸ್ ಏಳುತ್ತದೆ, ಹಡಗು ಒಡೆದ ಮೇಲೆ ಮೆಲ್ಲಗೆ ಜಾರಿಕೊಳ್ಳುತ್ತದೆ. ಮ್ಯೂಟ್‌ನಲ್ಲೂ ಆರಾಮಾಗಿ ಆಡಬಹುದು, ಎಲ್ಲಾ ಪರದೆ ಮೇಲೇ ಕಾಣುತ್ತದಲ್ವಾ. ಆದರೆ ಎಕ್ಸೆಲ್ ಶೀಟ್ ತುಂಬಿದ ಹಾಗೆ ಅನಿಸಿತು. ಕೆಲಸ ಮಾಡುವಾಗ ಕೇಳಲು ಮಾತ್ರ ನನಗೆ ಇದೇ ಬೇಕು.

ನೋ ಮ್ಯಾನ್ಸ್ ಸ್ಕೈ (2016) ಬೇರೆ ಥರ. ಶೆಫೀಲ್ಡ್‌ನ 65ಡೇಸ್‌ಆಫ್‌ಸ್ಟ್ಯಾಟಿಕ್ ತಂಡದ ಸಂಗೀತ ತುಂಡು ತುಂಡಾಗಿ ಒಳಗಿರುತ್ತದೆ, ಆಡುವಾಗ ಗೇಮೇ ಜೋಡಿಸಿಕೊಳ್ಳುತ್ತದೆ. ಕೇಳಿದರೆ ತಂಬೂರಿ ಮೀಟುತ್ತಿದ್ದಾರೆ, ಹಾಡುವವರು ಇನ್ನೂ ಬಂದಿಲ್ಲ ಅನ್ನೋ ಹಾಗೆ. ಹಿತವಾಗಿದೆ, ಆದರೆ ಒಂದು ಟ್ಯೂನೂ ಬಾಯಲ್ಲಿ ಉಳಿಯಲ್ಲ. ಮ್ಯೂಟ್ ಮಾಡಿದ ಎರಡನೇ ದಿನಕ್ಕೇ ಮರೆತುಹೋಗಿತ್ತು. ಅದೇ ತಂಡದ ಆಲ್ಬಮ್ ಬೇರೆಯಾಗಿ ಕೇಳಿ, ಅಲ್ಲಿ ಗಿಟಾರ್, ಡ್ರಮ್ಸ್ ಎಲ್ಲಾ ಜೋರಾಗಿದೆ.

ಸೋತಿದ್ದು ಔಟರ್ ವೈಲ್ಡ್ಸ್‌ನಲ್ಲಿ. 2019ರ ಗೇಮ್, ಸಂಗೀತ ಆಂಡ್ರ್ಯೂ ಪ್ರಾಹ್ಲೋ. (ಇನ್ನೂ ಆಡದವರು ಈ ಪ್ಯಾರಾ ಹಾರಿಸಿ.) ಇಲ್ಲಿ 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ಅದಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬಾಕಿ ಇರುವಾಗ ಒಂದು ನಿಧಾನದ ಸಂಗೀತ ಶುರುವಾಗುತ್ತದೆ. ಸೌಂಡ್ ಇದ್ದಾಗ ಅದು ಕೇಳಿದ ಕೂಡಲೇ ಗೋಡೆ ಬರಹ ಓದುವುದನ್ನು ಬಿಟ್ಟು ಹೊರಗೆ ಬಂದು ಆಕಾಶ ನೋಡುತ್ತಾ ನಿಲ್ಲುತ್ತಿದ್ದೆ. ಮ್ಯೂಟ್‌ನಲ್ಲಿ? ಅರ್ಧ ಸಾಲು ಓದಿರುತ್ತೇನೆ, ಬೆಳಕು, ಮುಗೀತು. ಇನ್ನು ಸಿಗ್ನಲ್‌ಸ್ಕೋಪ್, ಅಂದರೆ ದೂರದ ಸದ್ದು ಹಿಡಿಯಲು ಗೇಮ್‌ನಲ್ಲಿ ಸಿಗುವ ಉಪಕರಣ. ಒಂದೊಂದು ಕಡೆ ಒಬ್ಬೊಬ್ಬ ಪಯಣಿಗ ಕೂತು ಒಬ್ಬ ಬ್ಯಾಂಜೋ, ಒಬ್ಬ ಡ್ರಮ್, ಒಬ್ಬ ಕೊಳಲು ನುಡಿಸುತ್ತಿರುತ್ತಾನೆ, ಚಂದ್ರನ ಮೇಲಿನವನದು ಬರೀ ಸಿಳ್ಳೆ. ಅತ್ತ ತಿರುಗಿಸಿದರೆ ಅದು, ಇತ್ತ ತಿರುಗಿಸಿದರೆ ಇದು. ತುಂಬಾ ದೂರ ಹೋಗಿ ಸೂರ್ಯನ ಕಡೆ ಹಿಡಿದರೆ ಎಲ್ಲಾ ಸೇರಿ ಒಂದೇ ಹಾಡು. ಸೌಂಡ್ ಇಲ್ಲದಿದ್ದರೂ ಪರದೆ ಮೇಲೆ ಗೆರೆ ಕುಣಿಯುತ್ತದೆ, ದೂರ ಎಷ್ಟು ಅಂತ ಅಂಕಿ ಬರುತ್ತದೆ, ಜಾಗ ಸಿಗುತ್ತದೆ. ಆದರೆ ಅಲ್ಲಿ ಯಾರೋ ಇದ್ದಾರೆ ಅನಿಸುವುದಿಲ್ಲ.

ಹೊಸ ಹೆಡ್‌ಫೋನ್ ಬಂದ ರಾತ್ರಿ ಹಾಕಿದ್ದು ಇದನ್ನೇ. ಯಾವ ಗ್ರಹಕ್ಕೂ ಇಳಿಯಲಿಲ್ಲ. ಹಡಗನ್ನು ದೂರದಲ್ಲಿ ನಿಲ್ಲಿಸಿ, ಸೂರ್ಯ ಸಿಡಿಯುವವರೆಗೂ ಬ್ಯಾಂಜೋ ಕೇಳುತ್ತಾ ಕೂತಿದ್ದೆ.